ಹಿರೇಹಳ್ಳಿಯಲ್ಲಿ ಬೆಂದ ಅಮೆರಿಕದ ಪಿಲ್ಸ್ನರ್

ನನ್ನ ಬಲಗೈಯ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಏನಾಯಿತು ಎಂದು ಕೇಳಿದವರಿಗೆ ‘ಬಿಯರಿನಿಂದ’ ಎನ್ನುತ್ತೇನೆ. ಕುಡಿದು ಎಲ್ಲೋ ಬಿದ್ದಿರಬೇಕು ಎಂದುಕೊಂಡು ನಗುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ನಡೆದದ್ದನ್ನು ಹೇಳಲು ಹೊರಟರೆ ಅಮೆರಿಕದವರೇ ಮರೆತುಬಿಟ್ಟ ಒಂದು ಬಿಯರಿನಿಂದ ಶುರುಮಾಡಿ ಹೆಬ್ಬೂರಿನವರ ದೊಣ್ಣೆಯ ತನಕ ಬರಬೇಕು. ಅಷ್ಟು ತಾಳ್ಮೆ ಕೇಳುವವರಿಗೆ ಇರುವುದಿಲ್ಲ, ನನಗಂತೂ ಮೊದಲಿಂದಲೂ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಹಿರೇಹಳ್ಳಿಯ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ನಾನು ಬ್ರೂಯರ್ ಆಗಿದ್ದೆ. ಧಾನ್ಯ ಬೇಯಿಸುವುದರಿಂದ ಹಿಡಿದು ಹುದುಗು ಬರಿಸಿ ತಣ್ಣಗೆ ಮಲಗಿಸುವ ತನಕ ಎಲ್ಲದಕ್ಕೂ ನಾನೇ ಹೊಣೆ. ಬಾಟಲಿಗೆ ತುಂಬುವ ಯಂತ್ರವೊಂದನ್ನು ಕೂಡಿಸಿಕೊಡಲು ಅಮೆರಿಕದಿಂದ ಒಬ್ಬ ಮುದುಕ ಎಂಜಿನಿಯರ್ ಬಂದಿದ್ದ. ಎರಡನೆಯ ದಿನ ಮಾಲ್ಟ್ ಗೋಡೌನಿನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಮೂಟೆಗಳ ನಡುವೆ, ಒಬ್ಬನೇ ಕುಕ್ಕರಗಾಲಲ್ಲಿ ಕೂತಿದ್ದ. ಅಂಗೈಯಲ್ಲಿ ಒಂದು ಹಿಡಿ ಕಾಳು. ಒಂದೊಂದನ್ನೇ ಬೆಳಕಿಗೆ ಹಿಡಿದು ಬೇರೆ ಮಾಡುತ್ತಿದ್ದ.

ಕಲ್ಲು ಆರಿಸುತ್ತಿದ್ದಾನೋ ಏನೋ ಎಂದು ನನಗೆ ರೇಗಿತು. ಅವನು ತೋರಿಸಿದ್ದು ಬೇರೆ. ಪ್ರತಿ ಮೂರು ಕಾಳಿನಲ್ಲಿ ಎರಡು ಸ್ವಲ್ಪ ಸೊಟ್ಟ ಇದ್ದವು. ಆರು ಸಾಲಿನ ಬಾರ್ಲಿಯ ಗುರುತು ಅದು. ತೆನೆಯಲ್ಲಿ ಜಾಗ ಸಾಲದೆ ಪಕ್ಕದ ಕಾಳುಗಳು ತಿರುಚಿಕೊಳ್ಳುತ್ತವೆ. ಎರಡು ಸಾಲಿನ ವಿದೇಶಿ ಬಾರ್ಲಿಯ ಮುಂದೆ ನಮ್ಮ ಉತ್ತರ ಭಾರತದ ಈ ಬಾರ್ಲಿ ಕೀಳು ಎಂದು ಬಂದವರೆಲ್ಲ ನನಗೆ ಪಾಠ ಹೇಳಿ ಹೋಗುತ್ತಿದ್ದರು. ಈ ಮುದುಕನ ಕಣ್ಣಲ್ಲಿ ನೀರಿತ್ತು. ಪಕ್ಕದ ಮೂಟೆಯ ಮೇಲೆ ಕೂತು ಏನಾಯಿತು ಎಂದು ಕೇಳಿದೆ.

ಅವನು ಹೇಳಿದ ಕಥೆ ಇಷ್ಟು. ನೂರು ವರ್ಷಕ್ಕೂ ಹಿಂದೆ ಜರ್ಮನಿಯಿಂದ ಅಮೆರಿಕಕ್ಕೆ ಹೋದ ಬಿಯರಿನವರಿಗೆ ತಮ್ಮೂರಿನ ಬಾರ್ಲಿ ಸಿಗಲಿಲ್ಲ. ಅಲ್ಲಿ ಬೆಳೆಯುತ್ತಿದ್ದ ಆರು ಸಾಲಿನದಕ್ಕೆ ಸಿಪ್ಪೆ ಜಾಸ್ತಿ, ಬಿಯರು ಒರಟು, ಬಗ್ಗಡ. ಆ ಒರಟು ಮುರಿಯಲು ನಾಲ್ಕರಲ್ಲಿ ಒಂದು ಪಾಲು ಮುಸುಕಿನ ಜೋಳದ ನುಚ್ಚು ಬೇಯಿಸಿ ಸೇರಿಸಿದರು, ಕಹಿಗೆ ಹಾಪ್ ಹೂವನ್ನು ಧಾರಾಳವಾಗಿ ಹಾಕಿದರು, ವಾರಗಟ್ಟಲೆ ತಣ್ಣಗಿಟ್ಟರು. ಅದು ಅವರ ಪಿಲ್ಸ್ನರ್, ತಿಳಿ ಚಿನ್ನದ ಬಣ್ಣದ ಕಹಿ ಬಿಯರು. ನಡುವೆ ಅಲ್ಲಿ ಮದ್ಯ ನಿಷೇಧ ಬಂದು ಕಾರ್ಖಾನೆಗಳು ಮುಚ್ಚಿದವು. ತೆರೆದ ಮೇಲೆ ಬಂದ ಬಿಯರು ವರ್ಷದಿಂದ ವರ್ಷಕ್ಕೆ ನೀರಾಗುತ್ತಾ ಹೋಯಿತು. ಅವನ ತಾತ ಆ ಹಳೆಯ ಪಿಲ್ಸ್ನರ್ ಬೇಯಿಸುತ್ತಿದ್ದವನು. ಅದೇ ರುಚಿಗಾಗಿ ಮೊಮ್ಮಗ ಊರೂರು ಸುತ್ತಿದ್ದ. ಒಂದಿಬ್ಬರು ಹವ್ಯಾಸಕ್ಕೆ ಮನೆಯಲ್ಲಿ ಮಾಡುತ್ತಾರೆ, ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ ಎಂದ. ‘ಅದಕ್ಕೆ ಬೇಕಾದ್ದೆಲ್ಲ ಇಲ್ಲಿದೆ, ಏನಿದೆ ಅಂತ ನಿಮಗೆ ಗೊತ್ತಿಲ್ಲ’ ಎಂದು ನನ್ನ ಬೆನ್ನು ತಟ್ಟಿದ. ಊರಿಗೆ ಹೋದವನು ಹಾಪ್ ಹೂವಿನ ಒಂದು ಪೆಟ್ಟಿಗೆ ಕಳಿಸಿಕೊಟ್ಟ.

ಮಾಲೀಕರಿಗೆ ಕಥೆ ಹಿಡಿಸಿತು. “ಅಮೆರಿಕದೋರೇ ಮರ್ತಿರೋ ಬಿಯರು ನಮ್ಮಲ್ಲೈತೆ ಅಂದ್ರೆ ಬೆಂಗ್ಳೂರಿನ ದೊಡ್ ಹೋಟೆಲ್ನೋರು ಮೂಸಿ ನೋಡೋಕಾದ್ರೂ ಬರ್ತಾರೆ. ಮಾಡ್ರಿ ಒಂದ್ ಬ್ಯಾಚು” ಎಂದರು.

ಅಲ್ಲಿಯ ತನಕ ನಾವು ನುಚ್ಚಕ್ಕಿ ಬೇಯಿಸುತ್ತಿದ್ದೆವು. ಅದಕ್ಕೊಂದು ರೆಡಿಮೇಡ್ ಪುಡಿ ಬರುತ್ತದೆ, ಹಾಕಿದರೆ ಗಂಜಿ ನೀರಾಗಿಯೇ ಇರುತ್ತದೆ. ಹಳೆಯ ಅಮೆರಿಕದ ಪದ್ಧತಿಯಲ್ಲಿ ಪುಡಿ ಇಲ್ಲ. ಜೋಳದ ನುಚ್ಚಿಗೆ ಒಂದಿಷ್ಟು ಮಾಲ್ಟ್ ಬೆರೆಸಿ ಎಪ್ಪತ್ತು ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಬೇಕು; ಮಾಲ್ಟೇ ಅದನ್ನು ಸಡಿಲ ಮಾಡುತ್ತದೆ. ಆಮೇಲೆ ಅರ್ಧ ಗಂಟೆ ಕುದಿಸಿ ಕೆಳಗಿನ ದೊಡ್ಡ ತೊಟ್ಟಿಯ ಮಾಲ್ಟಿಗೆ ಸುರಿಯಬೇಕು. ನುಚ್ಚು ಬೇಯಿಸುವ ಕುಕ್ಕರಿನೊಳಗೆ, ಅಂದರೆ ಸ್ಟೀಮಿನಿಂದ ಕಾಯುವ ಆಳೆತ್ತರದ ಪಾತ್ರೆಯೊಳಗೆ, ಕಲಕುವ ರೆಕ್ಕೆಗಳಿರುತ್ತವೆ, ನಾವು ಸ್ಟಿರರ್ ಎನ್ನುತ್ತಿದ್ದೆವು. ಅದು ಮೊದಲಿನಿಂದ ಕೊನೆಯ ತನಕ ಒಂದು ಕ್ಷಣವೂ ನಿಲ್ಲಬಾರದು. ಇದನ್ನೆಲ್ಲ ನೀಟಾಗಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ ಕುಕ್ಕರ್ ಪಕ್ಕದ ಹಲಗೆಗೆ ಕ್ಲಿಪ್ ಮಾಡಿದೆ.

ಕುಕ್ಕರ್ ಆಪರೇಟರನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಅವನು ಕುಣಿಗಲ್ ತಾಲೂಕಿನ ಅಮೃತೂರು ಕಡೆಯವನು. ಮೂವತ್ತೈದರ ಆಸುಪಾಸು, ಗಟ್ಟಿ ಆಳು, ಮಾತು ಕಮ್ಮಿ. ಕ್ಯಾಂಟೀನಿನ ಭಟ್ಟ ರಜ ಹಾಕಿದ ದಿನ ಮೂವತ್ತು ಜನಕ್ಕೆ ಇವನೇ ರಾಗಿ ಹಿಟ್ಟು ತೊಳಸುತ್ತಿದ್ದ. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೇಳುವುದು. ಅವನ ಮುದ್ದೆಯಲ್ಲಿ ಒಂದು ಗಂಟು ಹುಡುಕಿ ತೋರಿಸಿದವರಿಲ್ಲ. ಐವತ್ತು ಲೀಟರಿನ ಸಣ್ಣ ಹಂಡೆಯಲ್ಲಿ ಜೋಳದ ಮೊದಲ ಪರೀಕ್ಷೆ ಮಾಡುವಾಗ ಅವನು ಬಂದು ಕೇಳಿದ:

“ಸಾರ್, ಇದು ಅಕ್ಕಿ ಥರಾನೇನಾ?”

ನಾನು ಹಾಪ್ ತೂಗುವುದರಲ್ಲಿದ್ದೆ. ತಲೆ ಎತ್ತದೆ ಹೇಳಿದೆ: “ಅಕ್ಕಿ ಥರ ಅಲ್ಲ ಕಣಯ್ಯಾ, ಗಟ್ಟಿ ಬರುತ್ತೆ. ಹಿಟ್ಟು ಮಾಡಿದ ಹಾಗೆ ಅಂದ್ಕೋ. ನಿನಗೆ ನಾನು ಹೇಳ್ಕೊಡಬೇಕಾ?”

ಅವನು ಖುಷಿಯಾಗಿ ಹೋದ. ಮುಕ್ಕಾಲು ಗಂಟೆಯ ನಂತರ ನೋಡಿದರೆ ಹಂಡೆಯಲ್ಲಿ ಚಿನ್ನದ ಬಣ್ಣದ ಗಂಜಿ, ಒಂದು ಗಂಟಿಲ್ಲ. “ಶಭಾಷ್! ದೊಡ್ಡ ಕುಕ್ಕರಲ್ಲೂ ಹಿಂಗೇ ಮಾಡು” ಎಂದೆ. ಹೇಗೆ ಮಾಡಿದ ಎಂದು ಕೇಳಲಿಲ್ಲ.

ದೊಡ್ಡ ಬ್ಯಾಚಿಗೆ ಒಂದು ವಾರವಿದೆ ಎನ್ನುವಾಗ ಗೇಟಿನ ಹತ್ತಿರ ಹೊಡೆದಾಟವಾಯಿತು. ಆಪರೇಟರ್ ಮನೆಯಲ್ಲಿ ಹೆಂಡತಿಯ ಮೇಲೆ ಕೈ ಮಾಡಿದ್ದ. ಅವಳ ತವರು ಹೆಬ್ಬೂರು. ಅವಳ ತಮ್ಮ, ಅಂದರೆ ಇವನ ಭಾವಮೈದ, ನಮ್ಮಲ್ಲೇ ಕುಕ್ಕರಿನ ಹೆಲ್ಪರ್. ಭಾವನೇ ಕೆಲಸ ಕೊಡಿಸಿದ್ದ. ಅಕ್ಕನ ತುಟಿ ಒಡೆದದ್ದನ್ನು ನೋಡಿ ಬಂದ ತಮ್ಮ ಬಿಯರ್ ಕ್ರೇಟಿನ ಪಟ್ಟಿ ಕಿತ್ತು ಭಾವನ ಬೆನ್ನಿಗೆ ಬಾರಿಸಿದ. ಆಪರೇಟರ್ ತಿರುಗಿ ಅವನ ಕತ್ತು ಹಿಡಿದು ಗೇಟಿನ ಕಂಬಿಗೆ ಒತ್ತಿದ. “ಸಾಯಿಸ್ಬುಡ್ತೀನಿ ಕಣ್ಲಾ ನಿನ್ನ!” ಎಂದದ್ದನ್ನು ಎರಡು ಶಿಫ್ಟಿನ ಜನ ಕೇಳಿದರು. ನಾನು ಓಡಿಹೋಗಿ ಇಬ್ಬರಿಗೂ ಒಂದೊಂದು ಬಿಟ್ಟೆ. ಬಿಡಿಸುವುದೆಂದರೆ ನನಗೆ ಆಗ ಗೊತ್ತಿದ್ದದ್ದು ಅದೊಂದೇ ರೀತಿ.

ಅಂದಿನಿಂದ ಅವರಿಬ್ಬರೂ ಮಾತು ಬಿಟ್ಟರು. ಬೇರೆ ಬೇರೆ ಶಿಫ್ಟಿಗೆ ಹಾಕಿ ಎಂದು ಸೂಪರ್‌ವೈಸರ್ ಹೇಳಿದ. ಒಂದೇ ಕಡೆ ದುಡಿದರೆ ತಾವಾಗಿಯೇ ಸರಿಹೋಗುತ್ತಾರೆ ಎಂದು ನಾನು ಹಟ ಮಾಡಿದೆ.

ದೊಡ್ಡ ಬ್ಯಾಚಿನ ದಿನ ಬೆಳಗ್ಗೆ ಎಂಟಕ್ಕೆ ಇನ್ನೂರು ಕಿಲೋ ಜೋಳದ ನುಚ್ಚು ಕುಕ್ಕರಿಗೆ ಬಿತ್ತು. ನಾನು ಕೆಳಗೆ ದೊಡ್ಡ ತೊಟ್ಟಿಯ ಹತ್ತಿರ ಥರ್ಮಾಮೀಟರ್ ಹಿಡಿದು ನಿಂತಿದ್ದೆ. ಬಾಟಲಿ ತೊಳೆಯುವ ಯಂತ್ರದ ಗದ್ದಲದಲ್ಲಿ ಮೇಲಿನ ಸ್ಟಿರರಿನ ಸದ್ದು ನಿಂತಿದ್ದು ನನ್ನ ಕಿವಿಗೆ ಬೀಳಲಿಲ್ಲ. ಆಪರೇಟರ್ ಮನೆಯ ಒಲೆಯ ಮುಂದೆ ಏನು ಮಾಡುತ್ತಾನೋ ಅದನ್ನೇ ಮಾಡಿದ್ದ. ಎಸರಿಗೆ ಹಿಟ್ಟು ಸುರಿದ ಮೇಲೆ ಬೇಯುವ ತನಕ ಯಾರೂ ಕೋಲು ಆಡಿಸುವುದಿಲ್ಲ, ಆಡಿಸಿದರೆ ಗಂಟಾಗುತ್ತದೆ. ಚೆನ್ನಾಗಿ ಬೆಂದು ಆವಿ ಮೇಲೆದ್ದ ಮೇಲೆಯೇ ತೊಳಸುವುದು. ಹಂಡೆಯಲ್ಲೂ ಹೀಗೆಯೇ ಮಾಡಿ ನನ್ನಿಂದ ಶಭಾಷ್ ಅನ್ನಿಸಿಕೊಂಡಿದ್ದ. ಹಾಗಾಗಿ ನುಚ್ಚು ಬಿದ್ದ ಕೂಡಲೇ ಸ್ಟಿರರ್ ಆಫ್ ಮಾಡಿ, ಸ್ಟೀಮ್ ಬಿಟ್ಟು, ಕಾದು ನಿಂತ.

ಹಂಡೆಗೂ ಸ್ಟೀಮಿನ ಕುಕ್ಕರಿಗೂ ಅಜಗಜಾಂತರ. ನುಚ್ಚು ತಳಕ್ಕಿಳಿದು ಗಟ್ಟಿಯಾಗಿ ಕೂತಿತು. ಮಾಲ್ಟ್ ಮೇಲೆಯೇ ಉಳಿಯಿತು. ತಳದಲ್ಲಿ ಹುಟ್ಟಿದ ಆವಿಗೆ ಹೊರಬರಲು ದಾರಿ ಇಲ್ಲ. ಮೇಲೆ ನೋಡಿದರೆ ಏನೂ ಕುದಿಯುತ್ತಿಲ್ಲ. ಭಾವಮೈದ ಉದ್ದನೆಯ ಮರದ ಹುಟ್ಟು ಹಿಡಿದು ಮೇಲಿನ ಬಾಯಿಯಿಂದ ಬಗ್ಗಿ ನೋಡುತ್ತಿದ್ದ. ಸ್ಟಿರರ್ ಹಾಕುವ ಮುಂಚೆ ಬಾಯಿಯ ಹತ್ತಿರ ಇದ್ದವನನ್ನು ಹೆಸರು ಹಿಡಿದು ಕೂಗಿ ಸರಿಸಬೇಕು ಎನ್ನುವುದು ನಮ್ಮ ಕಾರ್ಖಾನೆಯ ಕಟ್ಟಳೆ. ಮಾತು ಬಿಟ್ಟವನನ್ನು ಹೆಸರು ಹಿಡಿದು ಕರೆಯುವುದು ಹೇಗೆ? ಆಪರೇಟರ್ ಸ್ಪಾನರಿನಿಂದ ಕಂಬಿಗೆ ಎರಡು ಸಲ ಠಣ್ ಠಣ್ ಎಂದು ತಟ್ಟಿದ. ಸ್ವಿಚ್ ಇದ್ದದ್ದು ಕುಕ್ಕರಿನ ಹಿಂದುಗಡೆ, ಅಲ್ಲಿಂದ ಬಾಯಿ ಕಾಣುವುದಿಲ್ಲ. ಸರಿದಿರುತ್ತಾನೆ ಎಂದುಕೊಂಡು ಒತ್ತಿದ. ರೆಕ್ಕೆ ತಿರುಗಿ ತಳದ ಗಟ್ಟಿ ಒಡೆಯಿತು, ಅಡಗಿದ್ದ ಆವಿ ಒಮ್ಮೆಗೇ ಮೇಲಕ್ಕೆ ಚಿಮ್ಮಿತು.

ನನಗೆ ಕೇಳಿಸಿದ್ದು ಡಬ್ ಎನ್ನುವ ಒಂದು ಶಬ್ದ, ಅದರ ಹಿಂದೆಯೇ ಮನುಷ್ಯನ ಗಂಟಲು ಎನಿಸದ ಒಂದು ಕೂಗು. ಮೆಟ್ಟಿಲು ಹತ್ತುವಾಗ ಮೇಲಿನಿಂದ ಬಿಸಿ ಗಂಜಿ ನನ್ನ ಹೆಗಲಿಗೂ ಬಿತ್ತು. ಭಾವಮೈದ ಪ್ಲಾಟ್‌ಫಾರ್ಮಿನ ಮೇಲೆ ಉರುಳಾಡುತ್ತಿದ್ದ. ಕುದಿಯುವ ಹಿಟ್ಟು ಎಡಗೆನ್ನೆ, ಕಿವಿ, ಕತ್ತು, ತೋಳಿಗೆ ಅಂಟಿಕೊಂಡಿತ್ತು. ನೀರಾಗಿದ್ದರೆ ಜಾರಿ ಹೋಗುತ್ತಿತ್ತು, ಇದು ಕೂತಲ್ಲೇ ಸುಡುತ್ತದೆ. ತಾನೇ ಕೀಳಲು ಹೋಗಿ ಕೆನ್ನೆಯ ಚರ್ಮವನ್ನೂ ಕಿತ್ತುಕೊಂಡ. ನಾನು ಹೋಸ್ ಎಳೆದು ತಣ್ಣೀರು ಬಿಟ್ಟೆ. ಲೋಡಿಂಗಿನವರು ಅವನನ್ನು ಹೊತ್ತು ಜೀಪಿಗೆ ಹಾಕಿಕೊಂಡು ತುಮಕೂರಿನ ಆಸ್ಪತ್ರೆಗೆ ಓಡಿದರು.

ಆಪರೇಟರ್ ಸ್ವಿಚ್ಚಿನ ಹತ್ತಿರವೇ ಕಲ್ಲಿನ ಹಾಗೆ ನಿಂತಿದ್ದ. ಸ್ಟಿರರ್ ನಿಲ್ಲಿಸಿದ್ದು ಯಾಕೆ ಎಂದು ಕೂಗಿದೆ. ಉತ್ತರಕ್ಕೆ ಕಾಯದೆ ಎರಡು ಕೆನ್ನೆಗೂ ಬಾರಿಸಿದೆ. ಬಿದ್ದವನ ಪಕ್ಕೆಗೆ ಬೂಟುಗಾಲಿನಿಂದ ಒದ್ದೆ. ಅವನು ತಿರುಗಿ ಹೊಡೆದಿದ್ದರೆ ನನ್ನ ಮೂಳೆ ಉಳಿಯುತ್ತಿರಲಿಲ್ಲ. ಕೈ ಎತ್ತಲಿಲ್ಲ. ಮೂವತ್ತು ಜನ ನೋಡುತ್ತಿದ್ದರು. ಅವರಲ್ಲೊಬ್ಬ ಅಂದ: “ಹೇಳಿದ್ನಲ್ಲ ಗೇಟ್ನಾಗೆ, ಸಾಯಿಸ್ಬುಡ್ತೀನಿ ಅಂತ.” ಒಬ್ಬ ಅಂದಿದ್ದು ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮಾತಾಯಿತು.

ಮಾಲೀಕರು ಬಂದವರೇ ಹಲಗೆಯಿಂದ ನನ್ನ ಕಾಗದ ಕಿತ್ತು ಓದಿದರು. ಅವರ ಮುಖ ಅರಳಿತು. “ನೋಡ್ರಿ, ನೀವು ಕರೆಕ್ಟಾಗಿ ಬರ್ದಿದ್ದೀರಿ. ಸ್ಟಿರರ್ ನಿಲ್ಲಿಸ್ಬಾರ್ದು ಅಂತ ಅಡಿಗೆರೆ ಬೇರೆ ಹಾಕಿದ್ದೀರಿ. ನಾಳೆ ಪೊಲೀಸ್ನೋರು ಸ್ಟೇಟ್ಮೆಂಟಿಗೆ ಬರ್ತಾರೆ, ಇದ್ನ ಕೊಟ್ಟು ಕೈ ತೊಳ್ಕೊಳ್ಳಿ. ಅವರವರ ಮನೆ ಜಗಳ, ಫ್ಯಾಕ್ಟ್ರಿಗೇನೂ ಸಂಬಂಧ ಇಲ್ಲ.”

ಕಾಗದವನ್ನು ಜೇಬಿನಲ್ಲಿಟ್ಟುಕೊಂಡೆ. ಆಗ ನನಗೂ ಅದೇ ಸರಿ ಎನಿಸಿತ್ತು.

ಹೆಬ್ಬೂರಿನಲ್ಲಿ ಜನ ಸೇರುತ್ತಿದ್ದಾರೆ ಎಂದು ಸುದ್ದಿ ಬಂದದ್ದರಿಂದ ಆಪರೇಟರನನ್ನು ಹಾಪ್ ಇಡುವ ತಣ್ಣನೆ ಕೋಣೆಯಲ್ಲಿ ಕೂರಿಸಿದ್ದರು. ಹೊರಗೆ ಬಿಟ್ಟರೆ ಕೊಂದೇ ಹಾಕುತ್ತಾರೆ ಎಂದು ಭಯ. ಸಂಜೆ ಶಿಫ್ಟ್ ಮುಗಿಯುವ ಮುಂಚೆ ಒಳಗೆ ಹೋದೆ. ಅಮೆರಿಕದ ಪೆಟ್ಟಿಗೆಯ ಪಕ್ಕದಲ್ಲಿ ಗೋಣಿಚೀಲ ಹೊದ್ದುಕೊಂಡು ನಡುಗುತ್ತಿದ್ದ. ನನ್ನ ಬೆರಳುಗಳು ಅವನ ಕೆನ್ನೆಯ ಮೇಲೆ ಇನ್ನೂ ಕೆಂಪಗೆ ಮೂಡಿದ್ದವು.

“ಬದುಕವ್ನಾ ಸಾರ್?”

“ಬದುಕಿದ್ದಾನೆ. ಕಣ್ಣು ಹೋಗಿಲ್ಲ. ಸ್ಟಿರರ್ ಯಾಕೋ ನಿಲ್ಲಿಸ್ದೆ?”

ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಪೂರಾ ಗೊಂದಲ. “ಹಿಟ್ಟು ಮಾಡ್ದಂಗೆ ಮಾಡು ಅಂದ್ರಲ್ಲ ಸಾರ್ ನೀವೇ. ಬೇಯೋಗಂಟ ಯಾರಾದ್ರೂ ತೊಳಸ್ತಾರಾ? ಹಂಡೇಲೂ ಹಂಗೇ ಮಾಡಿದ್ದೆ. ನೀವು ಶಭಾಷ್ ಅಂದ್ರಿ.”

ಅಲ್ಲೇ ಒಂದು ಮೂಟೆಯ ಮೇಲೆ ಕೂತೆ. ನಾನೂ ಮುದ್ದೆ ತಿಂದು ಬೆಳೆದವನೇ. ಅಮ್ಮ ಒಲೆಯ ಮುಂದೆ ಮುದ್ದೆ ಕೋಲನ್ನು ಪಕ್ಕಕ್ಕಿಟ್ಟು ಆವಿ ಬರಲೆಂದು ಕಾಯುವುದನ್ನು ಸಾವಿರ ಸಲ ನೋಡಿದ್ದೇನೆ. ನಾನು ಹೇಳಿದ್ದು ಗಟ್ಟಿತನದ ವಿಚಾರ, ಅವನು ಹಿಡಿದದ್ದು ಮಾಡುವ ಕ್ರಮ. ತಪ್ಪು ಯಾರದು ಎನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಜೇಬಿನಲ್ಲಿ ಕಾಗದವಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನನಗೇನೂ ಆಗುತ್ತಿರಲಿಲ್ಲ, ಅವನು ಕೊಲೆ ಪ್ರಯತ್ನದ ಕೇಸಿನಲ್ಲಿ ಒಳಗೆ ಹೋಗುತ್ತಿದ್ದ. ಅಷ್ಟರಲ್ಲಿ ಹೆಬ್ಬೂರಿನವರ ಕೈಗೆ ಸಿಕ್ಕಿದರೆ ಕೇಸೂ ಬೇಕಾಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಸುಮ್ಮನಿರೋಣ ಎಂದೇ ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದ್ದೇನೆ. ಮನೆಯಲ್ಲಿ ತಟ್ಟೆಗೆ ಮುದ್ದೆ ಬಿತ್ತು. ಮುರಿಯಲಾಗಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಟೆಂಪೊದಲ್ಲಿ ಹನ್ನೆರಡು ಜನ ಬಂದಿಳಿದರು. ಕೈಯಲ್ಲಿ ದೊಣ್ಣೆ, ತೆಂಗಿನ ಮಟ್ಟೆ, ಒಬ್ಬನ ಹತ್ತಿರ ಮಚ್ಚು. ಮುಂದೆ ಇದ್ದವನು ಭಾವಮೈದನ ಹಿರಿಯಣ್ಣ. “ಎಲ್ಲವ್ನೆ ಆ ನನ್ಮಗ? ಆಚೆ ಬುಡ್ತೀರೋ, ನಾವೇ ಒಳೀಕ್ ಬರಾನೋ?” ಎಂದು ಗೇಟಿಗೆ ಒದೆಯುತ್ತಿದ್ದ. ವಾಚ್‌ಮನ್ ಓಡಿಹೋಗಿದ್ದ. ಪೊಲೀಸರು ಇನ್ನೂ ಬಂದಿರಲಿಲ್ಲ. ಮಾಲೀಕರು ಆಫೀಸಿನ ಕಿಟಕಿಯಿಂದ ಕೈಸನ್ನೆ ಮಾಡಿದರು: ಬಿಟ್ಟುಬಿಡಿ, ತಣ್ಣನೆ ಕೋಣೆಯ ಬೀಗ ತೆಗೀರಿ.

ನಾನು ಚಿಕ್ಕ ಬಾಗಿಲು ತೆರೆದುಕೊಂಡು ಹೊರಗೆ ಬಂದು ಅದನ್ನು ಬೆನ್ನ ಹಿಂದೆ ಎಳೆದುಕೊಂಡೆ. ಧೈರ್ಯ ಎಂದು ಯಾರಾದರೂ ತಿಳಿದರೆ ತಪ್ಪು. ನನಗೆ ಅವರೆಲ್ಲರಿಗಿಂತ ನನ್ನ ಮೇಲೇ ಸಿಟ್ಟು ಜಾಸ್ತಿಯಿತ್ತು.

“ಅವನದ್ದೇನೂ ತಪ್ಪಿಲ್ಲ. ಹಂಗೆ ಮಾಡು ಅಂತ ಹೇಳಿದ್ದು ನಾನು.”

“ಏನಂತ ಹೇಳ್ದೆ?”

“ಹಿಟ್ಟು ಮಾಡ್ದಂಗೆ ಮಾಡು ಅಂದೆ. ಅವನು ಹಂಗೇ ಮಾಡ್ದ. ನಿಮ್ಮನೇಲಿ ಹಿಟ್ಟು ಬೇಯೋ ಮುಂಚೆ ಯಾರಾದ್ರೂ ತೊಳಸ್ತಾರೇನ್ರಪ್ಪಾ? ಕುಕ್ಕರಲ್ಲಿ ಮಾತ್ರ ಮೊದಲಿಂದ ತಿರುಗಿಸ್ತಾನೇ ಇರಬೇಕು. ಅದನ್ನ ನಾನು ಅವನಿಗೆ ಬಾಯಿಬಿಟ್ಟು ಹೇಳ್ಲಿಲ್ಲ. ಇಂಗ್ಲಿಷಲ್ಲಿ ಬರೆದು ನೇತುಹಾಕಿದ್ದೆ. ಅವನಿಗೆ ಅದು ಓದೋಕೆ ಬರಲ್ಲ.”

ಹನ್ನೆರಡು ಜನರಿಗೂ ವಿಷಯ ಅರ್ಥವಾಯಿತು. ಯಾವ ಎಂಜಿನಿಯರಿಗೂ ಇಷ್ಟು ಬೇಗ ಅರ್ಥವಾಗುತ್ತಿರಲಿಲ್ಲ. ದೊಣ್ಣೆ ಹಿಡಿದ ಒಬ್ಬ ಮುದುಕ “ಅದೂ ದಿಟವೇ” ಎಂದು ಗೊಣಗಿದ್ದು ಕೇಳಿಸಿತು. ಹಿರಿಯಣ್ಣ ನನ್ನ ಹತ್ತಿರ ಬಂದ.

“ಹಂಗಾದ್ರೆ ನನ್ ತಮ್ಮನ ಮುಖ ಬೇಯಿಸ್ದೋನು ನೀನು.”

“ನಾನೇ.”

ಮೊದಲ ಏಟು ಮೊಣಕಾಲಿಗೆ ಬಿತ್ತು. ಬಿದ್ದೆ. ತಲೆಗೆ ಬಂದ ಎರಡನೆಯದಕ್ಕೆ ಬಲಗೈ ಅಡ್ಡ ಕೊಟ್ಟೆ, ಕಿರುಬೆರಳು ಲಟಕ್ಕೆಂದಿತು. ಆಮೇಲೆ ಎಷ್ಟು ಜನ ಹೊಡೆದರೋ ಲೆಕ್ಕ ಇಡಲಿಲ್ಲ. ಪಕ್ಕೆಗೆ ಬಿದ್ದ ಒದೆಗಳಲ್ಲಿ ಒಂದು, ನಾನು ಹಿಂದಿನ ದಿನ ಆಪರೇಟರನಿಗೆ ಒದ್ದ ಜಾಗಕ್ಕೇ ಸರಿಯಾಗಿ ಬಿತ್ತು. ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಬಾಯಲ್ಲಿ ಮಣ್ಣು, ರಕ್ತ. ಮಚ್ಚು ಹಿಡಿದವನು ಮುಂದೆ ಬಂದಾಗ ಹಿರಿಯಣ್ಣನೇ ಅವನ ಮುಂಗೈ ಹಿಡಿದ. “ಸಾಕು ಬುಡ್ಲಾ. ಒಪ್ಕೊಂಡವ್ನಲ್ಲ” ಎಂದ. ಟೆಂಪೊ ಹೊರಟ ಮೇಲೆ ಯಾರೋ ತಣ್ಣನೆ ಕೋಣೆಯ ಬೀಗ ತೆಗೆದರು, ಆಪರೇಟರ್ ಬಂದು ನನ್ನನ್ನು ಹೆಗಲ ಮೇಲೆ ಹೊತ್ತ. ಅವನ ಮೈ ಇನ್ನೂ ಮಂಜಿನ ಹಾಗೆ ತಣ್ಣಗಿತ್ತು.

ಪೊಲೀಸರ ಮುಂದೆಯೂ ಅದನ್ನೇ ಹೇಳಿದೆ. ಆಸ್ಪತ್ರೆಯಲ್ಲಿ ಭಾವಮೈದ ‘ನನಗೇನೂ ನೆನಪಿಲ್ಲ’ ಎಂದು ಬರೆಸಿದನಂತೆ. ಕೇಸು ಆಕಸ್ಮಿಕ ಅವಘಡವಾಗಿ ಮುಗಿಯಿತು. ನನ್ನ ಕೆಲಸವೂ ಮುಗಿಯಿತು. ಬಾಯಿ ಮುಚ್ಚಿಕೊಂಡಿರಲು ಬಾರದವನು ತಮಗೆ ಬೇಡ ಎಂದು ಮಾಲೀಕರು ನೇರವಾಗಿಯೇ ಹೇಳಿದರು. ತಿಂಗಳ ನೋಟಿಸಿನಲ್ಲಿ ನಾನು ಒಂದೇ ಒಂದು ಕೇಳಿಕೊಂಡೆ: ಆ ಪಿಲ್ಸ್ನರ್ ಮಾಡಿ ಹೋಗುತ್ತೇನೆ. ಅವರು ನನ್ನ ಕಟ್ಟು ಹಾಕಿದ ಕೈ ನೋಡಿದರು. “ತರ್ಸಿರೋ ನುಚ್ಚು ಹುಳ ಬೀಳ್ತೈತೆ. ಮುಗ್ಸಿ ಹೋಗ್ರಿ” ಎಂದರು.

ಮಾಡಿದೆವು. ಸ್ವಿಚ್ಚಿನ ಹತ್ತಿರ ಅದೇ ಆಪರೇಟರ್, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನಾನು. ಹಲಗೆಯ ಮೇಲೆ ಕನ್ನಡದಲ್ಲಿ ಬರೆದ ಕಾಗದ. ಅದನ್ನೂ ನಂಬದೆ ಅವನ ಬಾಯಲ್ಲಿ ಮೂರು ಸಲ ಹೇಳಿಸಿದೆ. ಸ್ಟಿರರ್ ಒಂದು ಕ್ಷಣ ನಿಲ್ಲಲಿಲ್ಲ. ಜೋಳ ಬೆಂದು, ಕೆಳಗಿನ ತೊಟ್ಟಿಗೆ ಇಳಿದು, ಎರಡೂ ಸೇರಿ ಅರವತ್ತೈದು ಡಿಗ್ರಿಗೆ ಬಂದು ನಿಂತಾಗ ಇಡೀ ಶೆಡ್ಡಿನಲ್ಲಿ ಸುಟ್ಟ ಜೋಳದ ತೆನೆಯ ಹಾಲಿನಂಥ ವಾಸನೆ. ಹಾಪ್ ಮೂರು ಸಲ ಹಾಕಿದೆ. ಹತ್ತು ದಿನ ಹುದುಗು, ಆಮೇಲೆ ತಣ್ಣನೆ ಟ್ಯಾಂಕಿನಲ್ಲಿ ಆರು ವಾರ. ಅದು ಬಾಟಲಿಗೆ ಇಳಿಯುವ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಟ್ಯಾಂಕಿನಿಂದ ಒಂದು ಲೋಟ ಕುಡಿದು ಬಂದಿದ್ದೆ: ಮೊದಲು ಜೋಳದ ಸಣ್ಣ ಸಿಹಿ, ಹಿಂದೆಯೇ ಗಂಟಲು ಹಿಡಿಯುವ ಕಹಿ, ನಡುವೆ ಸಿಪ್ಪೆಯ ಆ ಒರಟು. ಮುದುಕನನ್ನು ನೆನೆದು ಅಲ್ಲೇ ನಿಂತು ಅತ್ತೆ. ನೋವಿಗೋ ಖುಷಿಗೋ ಆಗ ಹೇಳಲಾಗುತ್ತಿರಲಿಲ್ಲ.

ದೊಡ್ಡ ಹೋಟೆಲಿನವರು ಯಾರೂ ಮೂಸಲಿಲ್ಲ. ಮಾಲೀಕರು ಹೊಸ ಹೆಸರಿನ ಗೋಜಿಗೆ ಹೋಗದೆ ಹಳೆಯ ಲೇಬಲ್ಲನ್ನೇ ಅಂಟಿಸಿ ಗುಬ್ಬಿ, ಕುಣಿಗಲ್ ಬಾರುಗಳಿಗೆ ಸಾಗಿಸಿದರು. ಗುರುತಿಗೆ ಒಂದೇ ವ್ಯತ್ಯಾಸ: ಮುಚ್ಚಳದ ಮೇಲೆ ಅಚ್ಚಿರಲಿಲ್ಲ, ಬರೀ ಬಿಳಿ ತಗಡು. ಸ್ಟ್ರಾಂಗ್ ಬಿಯರಿನ ಕಾಲ ಅದು. ‘ಕಹಿ ಜಾಸ್ತಿ, ಕಿಕ್ಕಿಲ್ಲ’ ಎಂದು ಬೈದುಕೊಂಡೇ ಜನ ಕುಡಿದು ಖಾಲಿ ಮಾಡಿದರು.

ಮೂರು ನಾಲ್ಕು ವರ್ಷದ ನಂತರ ತುಮಕೂರಿನ ಮನೆಗೆ ಅಮೆರಿಕದ ಕಾಗದ ಬಂತು. ಮುದುಕನಿಗೆ ಕಾಯಿಲೆ. ನೀವು ಅದನ್ನು ಮಾಡಿದಿರಾ, ಮಾಡಿದ್ದರೆ ಎಲ್ಲಾದರೂ ಒಂದು ಬಾಟಲಿ ಉಳಿದಿದೆಯಾ, ಹುಡುಕಿ ನೋಡಿ ಎಂದು ಬರೆದಿದ್ದ. ನಾನು ಗುಬ್ಬಿಯ ಬಾರುಗಳನ್ನೆಲ್ಲ ಸುತ್ತಿದೆ. ಬಿಳಿ ಮುಚ್ಚಳದ ಹಳೇ ಬಿಯರ್ ಇದೆಯಾ ಎಂದರೆ ಕ್ಯಾಷಿಯರುಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕುಣಿಗಲ್ಲಿನಲ್ಲೂ ಅದೇ. ಕೊನೆಗೆ ಅಮೃತೂರಿಗೆ ಹೋಗಿ ಆಪರೇಟರನನ್ನು ಕೇಳಿದೆ. ಕಾರ್ಖಾನೆ ಬಿಟ್ಟು ತೋಟ ನೋಡಿಕೊಂಡಿದ್ದ. ಹೆಂಡತಿಯ ಕಡೆ ತಿರುಗಿ ನೋಡಿದ. ಅವಳು ಹೇಳಿದಳು: “ನನ್ ತಮ್ಮನ ತಾವ ಒಂದೈತೆ ಸಾರ್. ಗುಬ್ಬೀಲಿ ಸೋಡಾ ಅಂಗಡಿ ಇಟ್ಟವ್ನೆ. ಇವ್ರಿಬ್ರೂ ಇನ್ನೂ ಮಾತಾಡಲ್ಲ.” ಆಮೇಲೆ, ಗಂಡ ಕೇಳಲಿ ಎಂದೇ ಸೇರಿಸಿದಳು: “ನನ್ ಮೇಲೆ ಕೈ ಮಾಡೋದು ಬುಟ್ಟವ್ರೆ. ಅಷ್ಟಂತೂ ಆಯ್ತು.”

ಆಪರೇಟರ್ ನನ್ನ ಜೊತೆ ಗುಬ್ಬಿಗೆ ಬಂದ. ಅಂಗಡಿಗೆ ಬರಲಿಲ್ಲ, ರಸ್ತೆಯ ಆಚೆ ನಿಂತ.

ಭಾವಮೈದನ ಎಡಗಿವಿ ಮುದುರಿ ಗುಂಡಿಯಷ್ಟಾಗಿತ್ತು. ಕೆನ್ನೆ ಬಿಗಿದು ಹೊಳೆಯುತ್ತಿತ್ತು. ನನ್ನನ್ನು ಕೂರಿಸಿ ಸೋಡಾ ಕೊಟ್ಟ. ಬಾಟಲಿಯ ವಿಚಾರ ಕೇಳಿದೊಡನೆ ಒಳಗೆ ಹೋಗಿ ಬಟ್ಟೆ ಸುತ್ತಿದ ಒಂದನ್ನು ತಂದ. ಬಿಳಿ ಮುಚ್ಚಳ, ತುಕ್ಕಿನ ಒಂದು ಗೆರೆ. ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನು ಬಾಟಲಿ ಸೆಕ್ಷನ್ನಿಗೆ ಹಾಕಿದ್ದರಂತೆ, ಆಗ ಎತ್ತಿಟ್ಟುಕೊಂಡಿದ್ದು. ಕೈಗೆ ಕೊಡುವ ಮುಂಚೆ ಅವನು ತಲೆ ತಗ್ಗಿಸಿದ.

“ಸಾರ್, ಒಂದ್ ಮಾತು. ಅವತ್ತು ಭಾವ ಕಂಬಿ ತಟ್ಟಿದ್ದು ನಂಗೆ ಕೇಳುಸ್ತು.”

ನಾನು ಸೋಡಾ ಕೆಳಗಿಟ್ಟೆ.

“ಎರಡು ಸಲ ತಟ್ದ. ನನ್ ಹೆಸ್ರು ಕೂಗೋಕೂ ಆಗ್ದೇ ಹೋಯ್ತಾ ಇವ್ನಿಗೆ, ದನಕ್ಕೆ ತಟ್ಟಂಗೆ ತಟ್ತವ್ನಲ್ಲ ಅಂತ ಉರೀತು. ಕೂಗೋಗಂಟ ಅಲ್ಲಾಡಲ್ಲ ಅಂತ ಬೇಕಂತ್ಲೇ ನಿಂತೆ.”

“ಆಸ್ಪತ್ರೇಲಿ ಯಾಕೆ ಹೇಳ್ಲಿಲ್ಲ?”

“ನಮ್ಮಣ್ಣ ಬಂದು, ಬ್ರೂಯರ್ರು ಒಪ್ಕೊಂಡ, ಮೂಳೆ ಮುರ್ದು ಬಂದ್ವಿ ಅಂದ. ಆಮೇಲೆ ಏನ್ ಹೇಳ್ಲಿ ಸಾರ್?”

ಎದೆಯೊಳಗೆ ಬೆಂಕಿ ಎದ್ದಿತು. ಪಕ್ಕೆ, ಮೊಣಕಾಲು, ಹೋದ ಕೆಲಸ ಎಲ್ಲಾ ಒಟ್ಟಿಗೆ ನೆನಪಾದವು. ಎದ್ದು ನಿಂತು ಅವನ ಸುಡದ ಕೆನ್ನೆಗೆ ಗುರಿಯಿಟ್ಟು ಮುಷ್ಟಿ ಕಟ್ಟಿದೆ. ನಾಲ್ಕು ಬೆರಳು ಮಡಚಿದವು. ಕಿರುಬೆರಳು ಮಾತ್ರ ನೆಟ್ಟಗೆ ನಿಂತು ರಸ್ತೆಯ ಕಡೆ ತೋರಿಸುತ್ತಿತ್ತು. ಅವನು ಅದನ್ನು ನೋಡಿದ, ನಾನೂ ನೋಡಿದೆ. ಹೊಡೆಸಿಕೊಳ್ಳಲು ತಯಾರಾಗಿ ಅವನು ಕಣ್ಣು ಮುಚ್ಚಿದ. ಕೈ ಇಳಿಸಿದೆ.

“ಅಲ್ಲಿ ನಿಂತಿದ್ದಾನೆ ನೋಡು ನಿನ್ ಭಾವ. ಕರಿ” ಎಂದೆ.

“ನಾನಾ?”

“ನೀನೇ. ಬಾಯಿಬಿಟ್ಟು ಕರಿ. ಏನಾದ್ರೂ ತಟ್ಟಿದ್ರೆ ಮಾತ್ರ ಈ ಬಾಟಲಿಯಲ್ಲೇ ಹೊಡೀತೀನಿ.”

ಅವನು ಅಂಗಡಿಯ ಮೆಟ್ಟಿಲಿಗೆ ಹೋಗಿ ನಿಂತ. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. “ಭಾವಾ!” ಎಂದು ಕೂಗಿದ. ಆಚೆ ನಿಂತಿದ್ದವನು ತಲೆ ಎತ್ತಿ, ತನ್ನನ್ನೇ ಹೌದೋ ಅಲ್ಲವೋ ಎನ್ನುವಂತೆ ಹಿಂದಕ್ಕೆ ತಿರುಗಿ ನೋಡಿದ. “ನಿನ್ನೇ ಭಾವಾ, ಬಾ ಇತ್ಲಾಗೆ!”

ರಸ್ತೆ ದಾಟಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಬಂದು ಮೂಲೆಯ ಕ್ರೇಟಿನ ಮೇಲೆ ಕೂತ. ನಾನು ಸೋಡಾ ಅಂಗಡಿಯ ಓಪನರ್ ತೆಗೆದುಕೊಂಡು ಬಿಳಿ ಮುಚ್ಚಳ ಎಬ್ಬಿಸಿದೆ. ಬಿಯರು ಹಳಸಿತ್ತು, ನೊರೆ ಸತ್ತಿತ್ತು, ಒದ್ದೆ ರಟ್ಟಿನ ವಾಸನೆ. ಅದರ ಅಡಿಯಲ್ಲಿ ಜೋಳದ ಸಿಹಿ ಇನ್ನೂ ಇತ್ತು. ಮೂರು ಗ್ಲಾಸಿಗೂ ಸಮನಾಗಿ ಹಾಕಿದೆ.

ಆ ವಾರವೇ ಅಮೆರಿಕಕ್ಕೆ ಬರೆದೆ: ಮಾಡಿದೆವು, ಒಂದು ಬಾಟಲಿ ಸಿಕ್ಕಿತು, ಮೂವರೂ ಕೂತು ಕುಡಿದೆವು, ನಿಮಗೆ ಉಳಿಸಲಿಲ್ಲ, ಕ್ಷಮಿಸಿ.